ಅಂದಿನ ಯಾದಿ, ಇಂದಿನ ವಾಟ್ಸಾಪು

ಕಳೆದ ಕೆಲವು ತಿಂಗಳುಗಳಿಂದ ನಮ್ಮ ಕಾರ್ಯಾಲಯಕ್ಕೆ ಬರುವ ವಾಚಕರ ಪತ್ರಗಳಲ್ಲಿಯೂ, ಪತ್ರಗಳಿಗಿಂತ ಹೆಚ್ಚಾಗಿ ನಮ್ಮ ಮೊಬೈಲಿಗೆ ಬಂದು ಬೀಳುವ ಚಿತ್ರಗಳಲ್ಲಿಯೂ ಒಂದು ಶಬ್ದವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಡೊಂಬಿವಲಿಯಿಂದ ಒಬ್ಬರು ಬರೆಯುತ್ತಾರೆ: "ಇಲ್ಲಿಯ ಹೋಟೆಲುಗಳ ತಟ್ಟೆ ತೊಳೆಯುವ ಕೋಣೆಗಳಲ್ಲಿ ರೋಹಿಂಗ್ಯಾಗಳು ತುಂಬಿಕೊಂಡಿದ್ದಾರೆ, ತಾವು ಬರೆಯದಿರಲು ಕಾರಣವೇನು?" ಕಲ್ಯಾಣದಿಂದ ಬಂದ ಕಾಗದದಲ್ಲಿ ಅದೇ ಮಾತು, ಸ್ವಲ್ಪ ಖಾರವಾಗಿ. ವಾಶಿಯ ಮಾರ್ಕೆಟಿನಲ್ಲಿ ಗುಮಾಸ್ತರಾಗಿರುವ ನಮ್ಮ ಹಳೆಯ ವಾಚಕರೊಬ್ಬರು ಬರೆಯುವ ಗೋಜಿಗೇ ಹೋಗದೆ, ಎಂಜಲು ತಟ್ಟೆ ಹೊತ್ತು ನಿಂತ ಯುವಕನೊಬ್ಬನ ಚಿತ್ರವನ್ನು ಕಳುಹಿಸಿ, ಅದರ ಕೆಳಗೆ ಆ ಒಂದೇ ಶಬ್ದವನ್ನು ಒತ್ತಿದ್ದಾರೆ. ಇಷ್ಟು ಜನರು ಕೇಳಿದ ಮೇಲೆ ಬರೆಯದಿರುವುದು ಉಚಿತವಲ್ಲ. ಆದರೆ ಕೇಳಿದವರು ಬಯಸಿದ ರೀತಿಯಲ್ಲಿಯೇ ಬರೆಯುವೆವೆಂದು ಮಾತು ಕೊಡಲಾರೆವು.

ಆ ಚಿತ್ರದ ಬೆನ್ನು ಹತ್ತಿ ಹೋದ ಸಂಗತಿಯನ್ನು ಹೇಳಿಯೇ ಮುಂದುವರಿಯಬೇಕು. ಚಿತ್ರದ ಮೂಲೆಯಲ್ಲಿ ಹೋಟೆಲಿನ ಹೆಸರು ಕಾಣುತ್ತಿತ್ತು. ಮಾಲಕರು ಕುಂದಾಪುರದ ಕಡೆಯವರು, ನಮಗೆ ಪರಿಚಿತರು. ಹೋಗಿ ವಿಚಾರಿಸಿದಾಗ ಆ ಯುವಕನು ನಮ್ಮೊಡನೆ ಮಾತನಾಡಿದ್ದು ಕನ್ನಡದಲ್ಲಿ. ಅದೂ ನಮ್ಮ ಕರಾವಳಿಯ ಕನ್ನಡವಲ್ಲ. "ಹೌದ್ರೀ", "ಇಲ್ಲರೀ" ಎನ್ನುವ ರಾಯಚೂರು ಸೀಮೆಯ ಕನ್ನಡ. ಅವನ ಊರು ಸಿಂಧನೂರಿನ ಪುನರ್ವಸತಿ ಶಿಬಿರ. ಅಂದಿನ ಪೂರ್ವ ಪಾಕಿಸ್ತಾನದಿಂದ ಮನೆಮಠ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರವು ಆ ತಾಲೂಕಿನಲ್ಲಿ ನೆಲ ಕೊಟ್ಟು ನೆಲೆಗೊಳಿಸಿ ಅರ್ಧ ಶತಮಾನವೇ ಸಂದಿದೆ. ಜನರ ಬಾಯಲ್ಲಿ ಅವು ಇಂದಿಗೂ 'ಆರ್. ಎಚ್. ಕ್ಯಾಂಪು'ಗಳೇ. ಅಲ್ಲಿಯವರದು ಮನೆಯೊಳಗೆ ಬಂಗಾಳಿ, ಹೊಸ್ತಿಲು ದಾಟಿದರೆ ಕನ್ನಡ. ಅವರಲ್ಲಿ ಕೆಲವರ ಕೈಗೆ ಭಾರತದ ಪೌರತ್ವದ ಪತ್ರ ಬಂದುದು ೨೦೨೪ರಲ್ಲಿ, ಅಂದರೆ ಮೊಮ್ಮಕ್ಕಳು ಮುಂಬಯಿಗೆ ದುಡಿಯಲು ಹೊರಟ ಮೇಲೆ.

ಈ ಯುವಕನು ರಾತ್ರಿ ಕೆಲಸ ಮುಗಿಸಿ ತಾಯಿಯೊಡನೆ ಫೋನಿನಲ್ಲಿ ಬಂಗಾಳಿಯಲ್ಲಿ ಮಾತನಾಡಿದ್ದನ್ನು ಯಾರೋ ಕೇಳಿಸಿಕೊಂಡರು. ಚಿತ್ರ ಹುಟ್ಟಿದ್ದು ಅಷ್ಟರಿಂದ. ಅದು ನಾಲ್ಕಾರು ಗುಂಪುಗಳನ್ನು ದಾಟಿ ನಮ್ಮಲ್ಲಿಗೆ ತಲುಪುವಷ್ಟರಲ್ಲಿ ಅವನಿಗೆ ಒಂದು ಹೊಸ ಹೆಸರು, ಬೇರೆ ಧರ್ಮ, ಮೇಲಾಗಿ ಒಂದು ಕಳ್ಳತನದ ಆರೋಪವೂ ಅಂಟಿಕೊಂಡಿದ್ದವು. ಮಾಲಕರು ಎಂಟು ದಿನ ಅವನನ್ನು ಬಾಗಿಲಾಚೆ ಕಳುಹಿಸಿರಲಿಲ್ಲ. ಹಾಲು ತರಲು ಹೋಗುವುದೂ ಬೇಡವೆಂದಿದ್ದರಂತೆ.

ಅವನು ನಮ್ಮ ರಾಜ್ಯದವನೇ ಎಂದು ತಿಳಿದಾಗ ನಾವು ಸಮಾಧಾನದ ಉಸಿರು ಬಿಟ್ಟುದು ನಿಜ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲವಷ್ಟೆ. ಅವನು ಸಿಂಧನೂರಿನವನಾಗಿರದೆ ಮಾಲ್ದಾ ಜಿಲ್ಲೆಯವನಾಗಿದ್ದರೆ? ಅಥವಾ, ಪತ್ರ ಬರೆದವರು ಹೇಳಿದಂತೆ, ನಿಜಕ್ಕೂ ರೋಹಿಂಗ್ಯಾನೇ ಆಗಿದ್ದರೆ? ಆಗ ಅವನ ಮುಖವನ್ನು ಊರಿನಲ್ಲೆಲ್ಲ ಹಂಚುವುದು ನ್ಯಾಯವಾಗುತ್ತಿತ್ತೆ?

ರೋಹಿಂಗ್ಯಾ ಎಂಬುದು ಬೈಗುಳವಲ್ಲ, ಒಂದು ಜನದ ಹೆಸರು. ಬರ್ಮಾ ದೇಶದ, ಅಂದರೆ ಈಗಿನ ಮ್ಯಾನ್ಮಾರಿನ ಪಶ್ಚಿಮ ಕರಾವಳಿಯಲ್ಲಿ ಹಿಂದೆ ಅರಾಕಾನ್ ಎನಿಸಿಕೊಂಡು ಇಂದು ರಖೈನ್ ಎಂದು ಕರೆಯಲ್ಪಡುವ ಪ್ರಾಂತದ ಮುಸಲ್ಮಾನರು ಇವರು. ಬೇಸಾಯ, ಮೀನುಗಾರಿಕೆ, ಚಿಲ್ಲರೆ ವ್ಯಾಪಾರಗಳಿಂದ ಹೊಟ್ಟೆ ಹೊರೆಯುವವರು. ಆ ದೇಶವು ೧೯೮೨ರಲ್ಲಿ ಪೌರತ್ವದ ಹೊಸ ಕಾಯಿದೆ ಮಾಡಿತು. ಅಲ್ಲಿಯ ಸರಕಾರವು ತನ್ನವರೆಂದು ಮನ್ನಿಸುವ ೧೩೫ ಜನಾಂಗಗಳ ಯಾದಿಯೊಂದಿದೆ. ಅದರಲ್ಲಿ ರೋಹಿಂಗ್ಯಾ ಎಂಬ ಹೆಸರಿಲ್ಲ. ಯಾದಿಯಲ್ಲಿ ಹೆಸರಿಲ್ಲದ ಕಾರಣ ಹುಟ್ಟಿದ ಮಣ್ಣಿನಲ್ಲಿಯೇ ಪರದೇಶಿಗಳಾದರು. ೨೦೧೭ರ ಆಗಸ್ಟ್ ೨೫ರಂದು ಅವರಲ್ಲಿಯ ಸಶಸ್ತ್ರ ಗುಂಪೊಂದು ಪೊಲೀಸ್ ಚೌಕಿಗಳ ಮೇಲೆ ದಾಳಿ ಮಾಡಿತು. ಅದನ್ನು ನೆವ ಮಾಡಿಕೊಂಡು ಸೈನ್ಯವು ಹಳ್ಳಿಗೆ ಹಳ್ಳಿಯನ್ನೇ ಸುಟ್ಟಿತು. ಕೆಲವೇ ತಿಂಗಳುಗಳಲ್ಲಿ ೭ ಲಕ್ಷಕ್ಕೂ ಹೆಚ್ಚು ಜನ, ನಾಫ್ ನದಿಯನ್ನು ದೋಣಿಯಲ್ಲೋ ಈಜಿಯೋ ದಾಟಿ, ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಗುಡ್ಡಗಳಲ್ಲಿ ಬಿದಿರು ತಡಿಕೆಯ ಗುಡಿಸಲು ಕಟ್ಟಿಕೊಂಡರು.

ಭಾರತದಲ್ಲಿರುವವರು ಸುಮಾರು ೪೦,೦೦೦ ಎಂದು ಕೇಂದ್ರ ಸರಕಾರವು ೨೦೧೭ರಲ್ಲಿ ಸಂಸತ್ತಿಗೆ ಅಂದಾಜು ಕೊಟ್ಟಿತು. ಜಮ್ಮು, ಹೈದರಾಬಾದು, ದಿಲ್ಲಿ, ಹರಿಯಾಣದ ನೂಹ್, ಇವು ಅವರ ಮುಖ್ಯ ನೆಲೆಗಳು. ನಮ್ಮ ಕರ್ನಾಟಕದಲ್ಲಿ ಎಷ್ಟು? ರಾಜ್ಯ ಸರಕಾರವು ೨೦೨೧ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದಂತೆ ಬೆಂಗಳೂರಿನಲ್ಲಿ ಗುರುತಿಸಲ್ಪಟ್ಟವರು ೭೨. ಒಂದು ದೊಡ್ಡ ಹೋಟೆಲಿನ ಎರಡು ಪಾಳಿಯ ಕೆಲಸಗಾರರು ಸೇರಿದರೆ ಅಷ್ಟು ಜನ ಆಗುತ್ತಾರೆ. ಬೆಂಗಳೂರಿನ ಉತ್ತರ ಭಾಗದ ದಾಸರಹಳ್ಳಿಯ ಬಳಿ, ಊರವರು ಎಸೆದ ಬಾಟಲಿ, ರಟ್ಟು, ಹರಕು ಪ್ಲಾಸ್ಟಿಕ್ಕುಗಳನ್ನು ಆಯ್ದು ಮಾರಿ ಬದುಕುವವರು ಅವರು. ಈ ಕೆಲವರ ಹೆಸರಿನಲ್ಲಿ ಹರಿದಾಡುವ ಸಂದೇಶಗಳನ್ನು ಓದಿದರೆ, ಇಡೀ ಬೆಂಗಳೂರನ್ನೇ ಅವರು ಕೊಂಡುಕೊಂಡಿರುವರೆಂದು ಭಾಸವಾಗಬೇಕು.

ಯಾದಿಯೆಂಬ ಮಾತನ್ನೆತ್ತಿದೆವು. ಮುಂಬಯಿಯ ಹಳೆಯ ಕನ್ನಡಿಗರಿಗೆ ಆ ಮಾತು ಹೊಸತಲ್ಲ. ಬಾಳಾ ಠಾಕರೆಯವರು ೧೯೬೦ರಲ್ಲಿ ಆರಂಭಿಸಿದ 'ಮಾರ್ಮಿಕ್' ಎಂಬ ವ್ಯಂಗ್ಯಚಿತ್ರಗಳ ಮರಾಠಿ ವಾರಪತ್ರಿಕೆಯಲ್ಲಿ ಒಂದು ಅಂಕಣವಿತ್ತು. ಅದರ ತಲೆಬರಹ 'ವಾಚಾ ಆಣಿ ಥಂಡ ಬಸಾ', ಅಂದರೆ ಓದಿರಿ, ತಣ್ಣಗೆ ಕುಳಿತಿರಿ. ಅಂಕಣದಲ್ಲಿ ಲೇಖನವೇನೂ ಇರುತ್ತಿರಲಿಲ್ಲ, ಬರಿಯ ಹೆಸರುಗಳು. ಇಂಥ ಕಂಪೆನಿಯಲ್ಲಿ, ಇಂಥ ಸರಕಾರಿ ಕಚೇರಿಯಲ್ಲಿ ಮೇಲಿನ ಕುರ್ಚಿಗಳಲ್ಲಿ ಇಂಥಿಂಥವರಿದ್ದಾರೆ ಎಂಬ ಪಟ್ಟಿ. ಹೆಸರುಗಳಲ್ಲಿ ಹೆಚ್ಚಿನವು ದಕ್ಷಿಣದವು. ಟೆಲಿಫೋನ್ ಡೈರೆಕ್ಟರಿಯಿಂದಲೂ ಹೆಸರುಗಳನ್ನು ಎತ್ತುತ್ತಿದ್ದರು. ಕೆಲಕಾಲದ ಬಳಿಕ ತಲೆಬರಹ ಬದಲಾಯಿತು: 'ವಾಚಾ ಆಣಿ ಉಠಾ', ಓದಿರಿ, ಎದ್ದೇಳಿರಿ.

ಆ ಹೆಸರುಗಳು ಸುಳ್ಳೆಂದು ನಾವು ಹೇಳುವುದಿಲ್ಲ. ಸುಳ್ಳಿದ್ದುದು ಹೆಸರುಗಳ ನಡುವೆ. ಮುಂಬಯಿಯಲ್ಲಿ ದಕ್ಷಿಣದ ಭಾಷೆಗಳನ್ನಾಡುವವರು ೧೯೬೧ರ ಜನಗಣತಿಯಂತೆ ನೂರಕ್ಕೆ ಹತ್ತರ ಒಳಗೆ ಇದ್ದರು. ಆದರೆ ವಾರವಾರವೂ ಅವರ ಹೆಸರುಗಳನ್ನೇ ಒಂದರ ಕೆಳಗೊಂದು ಓದಿದವನಿಗೆ ಊರೆಲ್ಲ ಅವರೇ ತುಂಬಿರುವಂತೆ ಕಾಣದಿದ್ದೀತೆ? ತಮಿಳ, ಮಲಯಾಳಿ, ತೆಲುಗ, ಕನ್ನಡಿಗ, ತುಳುವ, ಎಲ್ಲರಿಗೂ ಒಂದೇ ಹೆಸರು 'ಮದರಾಸಿ'. ಎಲ್ಲರ ಭಾಷೆಗೂ ಒಂದೇ ಹೆಸರು 'ಯಂಡುಗುಂಡು'. ಮದರಾಸನ್ನು ಕನಸಿನಲ್ಲಿಯೂ ಕಾಣದ ಕಾರ್ಕಳದ ಮಾಣಿಯೂ ಮದರಾಸಿಯೇ. ಇಂದು ಮಾಲ್ದಾದವನು, ಅಸ್ಸಾಮಿನವನು, ಸಿಂಧನೂರಿನವನು, ಎಲ್ಲರೂ ರೋಹಿಂಗ್ಯಾಗಳಾಗಿರುವುದು ಇದೇ ಕ್ರಮದಿಂದ.

೧೯೬೬ರ ಜೂನ್ ೧೯ರಂದು ಶಿವಸೇನೆ ಹುಟ್ಟಿತು. ಅಕ್ಟೋಬರ್ ೩೦ರಂದು ಶಿವಾಜಿ ಪಾರ್ಕಿನಲ್ಲಿ ಅದರ ಮೊದಲ ದೊಡ್ಡ ಸಭೆ ನಡೆದು, ಸಭೆ ಮುಗಿಸಿ ಹೊರಟ ಜನರಲ್ಲಿ ಕೆಲವರು ದಾದರಿನ ದಾರಿಯಲ್ಲಿ ದಕ್ಷಿಣದವರ ಹೋಟೆಲು ಅಂಗಡಿಗಳ ಮೇಲೆ ಕೈಮಾಡಿದರು. ಮರುವರ್ಷ ನಮ್ಮ ಥಾಣೆಯ ನಗರಸಭೆಯ ಚುನಾವಣೆಯಲ್ಲಿ ಆ ಪಕ್ಷ ಗೆದ್ದಿತು. ೧೯೬೯ರ ಫೆಬ್ರವರಿಯಲ್ಲಿ, ಮಹಾಜನ ಆಯೋಗದ ವರದಿಯ ಮೇಲೆ ಎದ್ದ ಬೆಳಗಾವಿಯ ಗಡಿ ತಂಟೆಗಾಗಿ, ಮುಂಬಯಿ ನಾಲ್ಕಾರು ದಿನ ಹೊತ್ತಿ ಉರಿಯಿತು. ಕನ್ನಡಿಗರ ಉಡುಪಿ ಹೋಟೆಲುಗಳು ಆಗ ಮೊದಲ ಗುರಿಯಾದವು. ಬೆಳಗಾವಿಯನ್ನು ಭೂಪಟದಲ್ಲಿಯೂ ತೋರಿಸಲು ತಿಳಿಯದ ಹುಡುಗರು, ಸಾಂಬಾರಿನ ಒಲೆ ಆರಿಸಿ, ಶಟರು ಎಳೆದು, ಅಕ್ಕಿ ಮೂಟೆಗಳ ನಡುವೆ ರಾತ್ರಿ ಕಳೆದ ಕಥೆಗಳನ್ನು ನಮ್ಮ ಹಿರಿಯರಿಂದ ಕೇಳದವರು ನಮ್ಮ ವಾಚಕರಲ್ಲಿ ವಿರಳ.

ಮರಾಠಿ ತರುಣರ ನಿರುದ್ಯೋಗದ ನೋವು ಅಂದು ಹುಸಿಯಾಗಿರಲಿಲ್ಲ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಈ ಮಣ್ಣು ನಮಗೆ ಅನ್ನ ಕೊಟ್ಟಿದೆ. ಇಲ್ಲಿಯ ಜನರೊಡನೆ ನಾವಿಂದು ಹಬ್ಬ ಹುಣ್ಣಿಮೆಗಳನ್ನು ಹಂಚಿಕೊಂಡು ಬಾಳುತ್ತಿದ್ದೇವೆ. ನಮ್ಮವರಲ್ಲಿ ಹಲವರು ಅದೇ ಪಕ್ಷದ ಕಾರ್ಯಕರ್ತರಾಗಿಯೂ ಓಡಾಡಿದ್ದಾರೆ. ಹಳೆಯ ಗಾಯವನ್ನು ಕೆರೆಯುವುದು ನಮ್ಮ ಉದ್ದೇಶವಲ್ಲ. ಯಾದಿಯಲ್ಲಿ ಹೆಸರಿದ್ದವರ ಮಕ್ಕಳು ಇಂದು ಇನ್ನೊಬ್ಬರ ಯಾದಿ ಬರೆಯಲು ಕುಳಿತಿರುವುದನ್ನು ಕಂಡು ಸುಮ್ಮನಿರಲಾರದೆ ಇಷ್ಟನ್ನು ನೆನಪಿಸಿದೆವು.

ಪತ್ರಿಕೆಗಳಿಂದ ಹೊತ್ತಿದ ಬೆಂಕಿಗೆ ಬರ್ಮಾ ದೇಶದಲ್ಲಿಯೇ ಇನ್ನೂ ಹಳೆಯ ನಿದರ್ಶನವಿದೆ, ಮತ್ತು ಅಲ್ಲಿ ಸುಟ್ಟುಕೊಂಡವರು ಭಾರತೀಯರು. ೧೯೩೮ರ ಜುಲೈಯಲ್ಲಿ ರಂಗೂನಿನಲ್ಲಿ ಗಲಭೆ ಎದ್ದು ಹಲವು ಊರುಗಳಿಗೆ ಹಬ್ಬಿ, ಭಾರತೀಯರ ಅಂಗಡಿಗಳು ಲೂಟಿಯಾದವು, ಪ್ರಾಣಗಳೂ ಹೋದವು. ಮುಸಲ್ಮಾನನೊಬ್ಬನು ಹಿಂದೆಂದೋ ಬರೆದಿದ್ದ ಪುಸ್ತಕದಲ್ಲಿ ಬುದ್ಧನ ನಿಂದೆಯಿದೆಯೆಂದು ಅಲ್ಲಿಯ ಪತ್ರಿಕೆಗಳು ಕೆದಕಿ ಕೆದಕಿ ಬರೆದುದು ಕಿಡಿಯಾಯಿತು. ಅನಂತರ ನೇಮಿಸಿದ ವಿಚಾರಣಾ ಸಮಿತಿಯು ೧೯೩೯ರ ತನ್ನ ವರದಿಯಲ್ಲಿ ಪತ್ರಿಕೆಗಳ ಹೊಣೆಗೇಡಿತನವನ್ನು ಎತ್ತಿ ಆಡಿತು. ಜೊತೆಗೆ ಕಿಡಿ ಬಿದ್ದ ಹುಲ್ಲು ಬೇರೆ, ಅದು ಭೂಮಿಯ ಮತ್ತು ಕೂಲಿಯ ಸಂಕಟವೆಂದೂ ಹೇಳಿತು. ಮುಂದೆ ೧೯೬೪ರಲ್ಲಿ ಸೇನಾಪತಿ ನೆ ವಿನ್ ಅವರ ಸರಕಾರವು ಅಂಗಡಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದಾಗ ಭಾರತೀಯರು ಉಟ್ಟ ಬಟ್ಟೆಯಲ್ಲಿ ಹಡಗು ಹತ್ತಿದರು. ಮದರಾಸಿನ ಬಂದರಿನ ಎದುರು ಇಂದಿಗೂ ಇರುವ ಬರ್ಮಾ ಬಜಾರು ಹಾಗೆ ಬಂದವರ ಪೆಟ್ಟಿಗೆ ಅಂಗಡಿಗಳಿಂದ ಬೆಳೆದುದು.

ಅದೇ ದೇಶದಲ್ಲಿ ೨೦೧೪ರ ಸುಮಾರಿಗೆ ಸಿಮ್ ಕಾರ್ಡು ಅಗ್ಗವಾಗಿ, ಕಂಡಕಂಡವರ ಕೈಗೆ ಮೊಬೈಲು ಬಂದಿತು. ಮೊಬೈಲೆಂದರೆ ಫೇಸ್‌ಬುಕ್ಕೇ ಎಂಬಂತಾಯಿತು. ರೋಹಿಂಗ್ಯಾಗಳನ್ನು ನಾಯಿ, ಹುಳ ಎಂದು ಕರೆಯುವ, ಅವರ ಸಂಖ್ಯೆ ಬೆಳೆದು ದೇಶವನ್ನೇ ನುಂಗುವುದೆಂದು ಹೆದರಿಸುವ ಬರಹಗಳು ಅದರಲ್ಲಿ ಹರಿದವು. ೨೦೧೮ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಶೋಧನ ಮಂಡಳಿಯ ಅಧ್ಯಕ್ಷ ಮರ್ಜೂಕಿ ದಾರೂಸ್ಮಾನ್ ಅವರು ಈ ದ್ವೇಷದಲ್ಲಿ ಸಾಮಾಜಿಕ ಮಾಧ್ಯಮಗಳ ಪಾತ್ರ ನಿರ್ಣಾಯಕವೆಂದರು. ಆ ಆಗಸ್ಟಿನಲ್ಲಿ ಫೇಸ್‌ಬುಕ್ ಸಂಸ್ಥೆಯು ಅಲ್ಲಿಯ ಸೇನಾ ಮುಖ್ಯಸ್ಥರ ಖಾತೆಯನ್ನೇ ತೆಗೆದುಹಾಕಿತು. ನವೆಂಬರಿನಲ್ಲಿ, ತಾನು ಮಾಡಬೇಕಾದಷ್ಟನ್ನು ಮಾಡಲಿಲ್ಲವೆಂದು ಒಪ್ಪಿಕೊಂಡಿತು. ಒಪ್ಪಿಕೊಳ್ಳುವ ಹೊತ್ತಿಗೆ ಹಳ್ಳಿಗಳು ಬೂದಿಯಾಗಿ ವರ್ಷ ಕಳೆದಿತ್ತು.

ಇದು ದೂರದ ದೇಶದ ಕಥೆಯೆಂದು ಭಾವಿಸುವವರು ೨೦೧೨ರ ಆಗಸ್ಟ್ ತಿಂಗಳನ್ನು ಜ್ಞಾಪಿಸಿಕೊಳ್ಳಬೇಕು. ಆ ಜೂನಿನಲ್ಲಿ ರಖೈನಿನಲ್ಲಿಯೂ ಜುಲೈಯಲ್ಲಿ ಅಸ್ಸಾಮಿನ ಕೋಕ್ರಝಾರಿನಲ್ಲಿಯೂ ಗಲಭೆಗಳಾಗಿದ್ದವು. ಟಿಬೆಟಿನ ಭೂಕಂಪದಲ್ಲಿ ಸತ್ತವರ ನಡುವೆ ಬೌದ್ಧ ಭಿಕ್ಷುಗಳು ನಿಂತ ೨೦೧೦ರ ಹಳೆಯ ಚಿತ್ರವೊಂದನ್ನು, ಬರ್ಮಾದಲ್ಲಿ ಮುಸಲ್ಮಾನರ ಹೆಣಗಳ ರಾಶಿಯೆಂದು ಹೆಸರಿಟ್ಟು ಊರೂರಿಗೆ ಹಂಚಿದರು. ಆಗಸ್ಟ್ ೧೧ರಂದು ನಮ್ಮ ಮುಂಬಯಿಯ ಆಜಾದ್ ಮೈದಾನದಲ್ಲಿ ಪ್ರತಿಭಟನೆಗೆ ಸೇರಿದ ಗುಂಪು ಹುಚ್ಚೆದ್ದು, ಇಬ್ಬರು ಸತ್ತು ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು; ಅಮರ ಜವಾನ್ ಸ್ಮಾರಕವನ್ನು ಒದ್ದು ಕೆಡವಿದರು. ಮೂರೇ ದಿನಗಳಲ್ಲಿ ಸುಳ್ಳಿನ ಇನ್ನೊಂದು ತುದಿ ಬೆಂಗಳೂರಿನಲ್ಲಿ ಹೊತ್ತಿತು. ಈಶಾನ್ಯದ ಜನರನ್ನು ಕೊಲ್ಲುವರೆಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ, ಹೋಟೆಲುಗಳಲ್ಲಿ, ಕಾವಲು ಕೆಲಸಗಳಲ್ಲಿ, ಕಾಲೇಜುಗಳಲ್ಲಿ ಇದ್ದ ಸಹಸ್ರಾರು ಯುವಕ ಯುವತಿಯರು ಸಂಬಳವನ್ನೂ ಕೇಳದೆ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಾಟಿಗೆ ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಮುಖ್ಯಮಂತ್ರಿ ಜಗದೀಶ ಶೆಟ್ಟರರು ಹೋಗಬೇಡಿರೆಂದು ಮೊರೆಯಿಟ್ಟರು, ಗೃಹಮಂತ್ರಿ ಆರ್. ಅಶೋಕರು ತಾವೇ ನಿಲ್ದಾಣಕ್ಕೆ ಹೋದರು. ಆಗಸ್ಟ್ ೧೭ರಂದು ಕೇಂದ್ರ ಸರಕಾರವು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಸಂದೇಶಗಳನ್ನು ಕಳುಹಿಸಕೂಡದೆಂದು ಹದಿನೈದು ದಿನ ನಿರ್ಬಂಧ ಹಾಕಿತು. ಬೆಂಗಳೂರಿನಲ್ಲಿ ಒಬ್ಬನನ್ನೂ ಯಾರೂ ಕೊಲ್ಲಲು ಬರಲಿಲ್ಲ. ಒಂದು ಸುಳ್ಳು ಚಿತ್ರದಿಂದ ಮೊದಲು ಒಂದು ಪಂಗಡ ಕೆರಳಿತು, ಆ ಕೆರಳಿಕೆಯ ಸುದ್ದಿಯಿಂದ ಮತ್ತೊಂದು ಪಂಗಡ ಬೆದರಿತು. ಎರಡಕ್ಕೂ ರೋಹಿಂಗ್ಯಾಗಳ ಹೆಸರೇ ಬಂಡವಾಳ. ಬರ್ಮಾದಲ್ಲಿ ನಿಜಕ್ಕೂ ನರಳುತ್ತಿದ್ದವರಿಗೆ ಅದರಿಂದ ಒಂದು ಹಿಡಿ ಅಕ್ಕಿಯೂ ಸಿಗಲಿಲ್ಲ.

ಅನಂತರದ್ದನ್ನು ಚುಟುಕಾಗಿ ಹೇಳುತ್ತೇವೆ. ೨೦೧೮ರ ಜುಲೈ ೧ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ, ಮಕ್ಕಳ ಕಳ್ಳರೆಂಬ ಗಾಳಿಮಾತಿಗೆ ಐವರು ಭಿಕ್ಷುಕರನ್ನು ಜನ ಹೊಡೆದು ಕೊಂದರು. ಸತ್ತವರು ನಮ್ಮ ವಿಜಾಪುರಕ್ಕೆ ನೆರೆಯ ಮಂಗಳವೇಢೆಯ ಕಡೆಯ ನಾಥಪಂಥಿ ಡವರಿ ಗೋಸಾವಿಗಳು. ಹದಿಮೂರು ದಿನ ತುಂಬುವುದರೊಳಗೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆಯ ಮಕ್ಕಳಿಗೆ ಚಾಕೊಲೇಟು ಹಂಚಿದ ಹೈದರಾಬಾದಿನ ಯುವಕರ ಕಾರನ್ನು ತಡೆದು ಒಬ್ಬನನ್ನು ಕೊಂದರು. ಕಾರು ಮುರ್ಕಿಗೆ ತಲುಪುವ ಮೊದಲೇ ವೀಡಿಯೊ ತಲುಪಿತ್ತು. ಆ ತಿಂಗಳೇ ವಾಟ್ಸಾಪು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸಲಾಗದಂತೆ ಮಾಡಿತು. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ, ಇಲ್ಲಿರುವವರೆಲ್ಲ ಬಾಂಗ್ಲಾದೇಶಿಗಳೆಂಬ ವೀಡಿಯೊ ಹರಡಿದ ಒಂದೇ ವಾರದಲ್ಲಿ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಮಿನವರಿದ್ದರು, ತ್ರಿಪುರದವರಿದ್ದರು; ಹೊಟ್ಟೆಪಾಡಿಗೆ ಬಂದ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಹೈಕೋರ್ಟು ನಡುವೆ ಬಂದು ತಡೆಯಿತು. ಕನ್ನಡನಾಡಿನ ರಾಜಧಾನಿಯಲ್ಲಿ ಕನ್ನಡಿಗನು ಬಾಂಗ್ಲಾದೇಶಿಯೆನಿಸಿಕೊಂಡು ಮನೆ ಕಳೆದುಕೊಂಡ ವಿಪರ್ಯಾಸವನ್ನು ಏನೆಂದು ವರ್ಣಿಸುವುದು?

ಇನ್ನು ನಮ್ಮ ಜಿಲ್ಲೆಗೆ ಬರೋಣ. ೨೦೨೫ರ ಜನವರಿಯಲ್ಲಿ ನಟ ಸೈಫ್ ಅಲಿ ಖಾನರ ಮೇಲೆ ಬಾಂದ್ರಾದ ಅವರ ಮನೆಯಲ್ಲಿ ಚೂರಿಯ ಹಲ್ಲೆಯಾಗಿ, ಆಪಾದಿತನನ್ನು ಥಾಣೆಯಲ್ಲಿ ಹಿಡಿದರು. ಅವನು ಬಾಂಗ್ಲಾದೇಶದಿಂದ ಕಳ್ಳದಾರಿಯಲ್ಲಿ ಬಂದವನೆಂದೂ ಹೋಟೆಲುಗಳಲ್ಲಿಯೂ ದುಡಿದಿದ್ದನೆಂದೂ ಪೊಲೀಸರು ತಿಳಿಸಿದರು. ಅಂದಿನಿಂದ ನಮ್ಮ ಉದ್ಯಮದ ಮೇಲೆ ಊರಿನ ಕಣ್ಣು ಬಿದ್ದಿದೆ, ಅದು ಅಸಹಜವೇನಲ್ಲ. ಆದರೆ ಅದೇ ಪ್ರಕರಣದ ಇನ್ನೊಂದು ಸಂಗತಿಯನ್ನು ನಮ್ಮ ಗುಂಪುಗಳಲ್ಲಿ ಯಾರೂ ಹಂಚಲಿಲ್ಲ. ಈ ಬಂಧನದ ಹಿಂದಿನ ದಿನ, ಮುಂಬಯಿಯಲ್ಲಿ ಚಾಲಕನಾಗಿದ್ದ ಬೇರೊಬ್ಬ ಯುವಕನನ್ನು ಛತ್ತೀಸಗಢದ ದುರ್ಗ್ ನಿಲ್ದಾಣದಲ್ಲಿ ಸಂಶಯದ ಮೇಲೆ ಇಳಿಸಿ ತಡೆದಿಟ್ಟರು. ಅವನ ಮುಖ ದೇಶವೆಲ್ಲ ಸುತ್ತಿತು. ಅವನಲ್ಲವೆಂದು ತಿಳಿದು ಬಿಟ್ಟರು. ತನ್ನ ಕೆಲಸ ಹೋಯಿತು, ನಿಶ್ಚಯವಾಗುತ್ತಿದ್ದ ಮದುವೆ ಮುರಿಯಿತು ಎಂದು ಆತನೇ ಪತ್ರಕರ್ತರಿಗೆ ಹೇಳಿಕೊಂಡನು.

ಆ ಜೂನಿನಲ್ಲಿ ನಡೆದುದು ಇನ್ನೂ ಕಠೋರವಾದುದು. ಥಾಣೆ ಜಿಲ್ಲೆಯ ಮೀರಾ ರೋಡಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ, ಪಶ್ಚಿಮ ಬಂಗಾಳದ ಮುರ್ಶಿದಾಬಾದಿನವನೊಬ್ಬನನ್ನು ಬಾಂಗ್ಲಾದೇಶಿಯೆಂಬ ಸಂಶಯದ ಮೇಲೆ ಹಿಡಿದು, ಗಡಿಗೆ ಒಯ್ದು, ಆಚೆಗೆ ದಾಟಿಸಿಬಿಟ್ಟರು. ಅವನ ಮನೆಯವರೂ ಬಂಗಾಳದ ಅಧಿಕಾರಿಗಳೂ ದಾಖಲೆಗಳನ್ನು ಕಳುಹಿಸಿದ್ದರು. ಭಾರತದ ಪೌರನೊಬ್ಬನು ಪರದೇಶದ ಹೊಲಗಳಲ್ಲಿ ದಿಕ್ಕೆಟ್ಟು ನಿಂತು, ಬಂಗಾಳ ಸರಕಾರವು ಪಟ್ಟು ಹಿಡಿದ ಮೇಲೆ ಮರಳಿ ಬಂದನು. ಹಾಗೆ ಹೋಗಿ ಬಂದವನು ಅವನೊಬ್ಬನೇ ಅಲ್ಲ. ಮಾತನಾಡುವ ಭಾಷೆಯೇ ಅಪರಾಧದ ಸಾಕ್ಷಿಯಾದಾಗ ಹೀಗಾಗುತ್ತದೆ. ನಮ್ಮ ಬ್ಯಾರಿ ಹುಡುಗರು, ಭಟ್ಕಳದ ನವಾಯತರು, ಕಲಬುರ್ಗಿ ಬೀದರಗಳ ದಖನಿ ಮಾತಿನವರು ನಮ್ಮ ಹೋಟೆಲುಗಳಲ್ಲಿ, ಬೇಕರಿಗಳಲ್ಲಿ ಎಷ್ಟು ಜನರಿದ್ದಾರೆಂಬುದನ್ನು, ಚಿತ್ರ ತೆಗೆಯಲು ಮೊಬೈಲು ಎತ್ತುವವರು ಒಂದು ಕ್ಷಣ ಎಣಿಸಿಕೊಳ್ಳಲಿ.

ಪತ್ರ ಬರೆದವರ ದೂರಿನಲ್ಲಿ ಒಂದು ಸತ್ಯಾಂಶವಿದೆ, ಅದನ್ನು ಮುಚ್ಚುವುದಿಲ್ಲ. ಕಡಮೆ ಸಂಬಳಕ್ಕೆ ದುಡಿಯುವವರು ಬಂದುದರಿಂದ ಹಳೆಯ ಕೆಲಸಗಾರರ ಕೂಲಿ ಏರದೆ ನಿಂತಿದೆ ಎನ್ನುತ್ತಾರೆ. ಹಲವೆಡೆ ಅದು ನಿಜ. ಆದರೆ ಕಡಮೆ ಸಂಬಳ ಕೊಡುವವರು ಯಾರು? ಈ ಮಾತನ್ನು ಗಲ್ಲೆಯ ಹಿಂದೆ ವರ್ಷಗಟ್ಟಲೆ ಕುಳಿತು ಬಂದ ನಾವೇ ಹೇಳಬೇಕು: ಕೂಲಿ ಇಳಿಸುವುದು ಮಾಲಕನ ಕೈ, ತಟ್ಟೆ ತೊಳೆಯುವವನ ಕೈಯಲ್ಲ. ಕಾಗದಪತ್ರವಿಲ್ಲದವನನ್ನು ಹುಡುಕಿ ತರುವ ಕೆಲವು ಮಾಲಕರು, ಅವನು ಬಾಯಿಬಿಡಲಾರನೆಂದೇ ಅವನನ್ನು ಆರಿಸುತ್ತಾರೆ. ಹದಿನಾರು ತಾಸು ದುಡಿಸಿ ಅಟ್ಟದ ಮೇಲೆ ಮಲಗಿಸುತ್ತಾರೆ. ಬೈಂದೂರು ಕುಂದಾಪುರಗಳ ಹುಡುಗರು ಓದಿ ಮುಂದೆ ಬಂದು ಈ ಕೆಲಸಕ್ಕೆ ಬಾರದಾದರು. ಅದು ಸಂತೋಷದ ವಿಷಯ. ತೆರವಾದ ಜಾಗಕ್ಕೆ ಒಡಿಶಾದವರು, ಝಾರ್ಖಂಡಿನವರು, ನೇಪಾಳಿಗಳು, ಬಂಗಾಳಿಗಳು ಬಂದರು. ಅವರು ನಮ್ಮ ಅನ್ನ ಕಸಿದರೆನ್ನುವವರು, ನಾವು ಯಾರ ಅನ್ನ ಕಸಿದೆವೆಂದು ೧೯೬೬ರಲ್ಲಿ ನಮ್ಮನ್ನು ಕೇಳಿದವರಿಗೆ ನಮ್ಮ ಹಿರಿಯರು ಕೊಟ್ಟ ಉತ್ತರವನ್ನು ನೆನೆಯಬೇಕು.

ಕಲ್ಯಾಣದ ವಾಚಕರು "ನಿರಾಶ್ರಿತರಿಗೆ ನಮ್ಮೂರಿನಲ್ಲಿ ಜಾಗವಿಲ್ಲ" ಎಂದು ಬರೆದಿದ್ದಾರೆ. ಅವರ ಮನೆಯಿಂದ ಒಂದು ಸ್ಟೇಷನ್ ದೂರದಲ್ಲಿ ಉಲ್ಲಾಸನಗರವಿದೆ. ದೇಶವಿಭಜನೆಯ ಬಳಿಕ ಸಿಂಧಿನಿಂದ ಬಂದ ಸುಮಾರು ಒಂದು ಲಕ್ಷ ಜನರನ್ನು, ಯುದ್ಧಕಾಲದ ಸೈನಿಕರ ಖಾಲಿ ಬರಾಕುಗಳಲ್ಲಿ ತುಂಬಿದ ಕಲ್ಯಾಣ ಕ್ಯಾಂಪೇ ಅದು. ೧೯೪೯ರಲ್ಲಿ ಉಲ್ಲಾಸನಗರವೆಂಬ ಹೆಸರು ಪಡೆಯಿತು. ಗೋಣಿತಟ್ಟಿನ ಪರದೆ ಕಟ್ಟಿ ಒಂದೊಂದು ಬರಾಕಿನಲ್ಲಿ ಹತ್ತು ಸಂಸಾರ ಹೂಡಿದವರು ಮುಂದೆ ಊರನ್ನೇ ಮಾರುಕಟ್ಟೆಯನ್ನಾಗಿ ಮಾಡಿದರು. ನಮ್ಮ ಹೋಟೆಲುಗಳ ಪರದೆ, ಕುರ್ಚಿ, ಮಾಣಿಗಳ ಸಮವಸ್ತ್ರ ಎಷ್ಟೋ ಅಲ್ಲಿಂದಲೇ ಬರುತ್ತವೆ. ಮೈಸೂರು ರಾಜ್ಯವೂ ೧೯೬೦ರಲ್ಲಿ ಬೈಲುಕುಪ್ಪೆಯ ಕಾಡಂಚಿನಲ್ಲಿ ಟಿಬೆಟಿನವರಿಗೆ ನೆಲ ಕೊಟ್ಟಿತು. ಅವರು ಯಾರ ಅನ್ನವನ್ನೂ ಕಸಿಯಲಿಲ್ಲ, ಜೋಳ ಬೆಳೆದರು.

ಹಾಗೆಂದು ಕಾನೂನು ಬೇಡವೆಂದು ನಾವು ಹೇಳುವವರಲ್ಲ. ನಿರಾಶ್ರಿತರ ಕುರಿತ ೧೯೫೧ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಕಾಗದವಿಲ್ಲದೆ ಬಂದ ಪರದೇಶೀಯನನ್ನು ಹೊರಗೆ ಕಳುಹಿಸುವ ಅಧಿಕಾರ ಸರಕಾರಕ್ಕಿದೆ. ೨೦೨೫ರ ಸೆಪ್ಟೆಂಬರ್ ೧ರಿಂದ ಇದಕ್ಕೆ ಹೊಸ ಕಾಯಿದೆಯೂ ಜಾರಿಗೆ ಬಂದಿದೆ. ರೋಹಿಂಗ್ಯಾಗಳನ್ನು ನಿಯಮದ ಕ್ರಮವನ್ನು ಅನುಸರಿಸದೆ ಗಡೀಪಾರು ಮಾಡಕೂಡದೆಂದು ಸುಪ್ರೀಂ ಕೋರ್ಟು ೨೦೨೧ರ ಏಪ್ರಿಲ್ ೮ರಂದು ಹೇಳಿತು. ಅಂದರೆ ಕ್ರಮವನ್ನು ಅನುಸರಿಸಿ ಮಾಡಬಹುದೆಂದೂ ಆಯಿತು. ಇದಕ್ಕೂ ಹಿಂದೆ, ೧೯೯೬ರಲ್ಲಿ, ಅರುಣಾಚಲದ ಚಕ್ಮಾ ನಿರಾಶ್ರಿತರಿಗೆ ಊರು ಬಿಡಿರೆಂದು ಸ್ಥಳೀಯ ಸಂಘದವರು ಗಡುವು ಕೊಟ್ಟಾಗ, ಪೌರನಲ್ಲದವನ ಪ್ರಾಣವನ್ನೂ ಕಾಪಾಡುವುದು ರಾಜ್ಯದ ಕರ್ತವ್ಯ, ಯಾವ ಗುಂಪೂ ಅವರನ್ನು ಬೆದರಿಸಿ ಓಡಿಸಲು ಬಿಡಕೂಡದು ಎಂದು ಅದೇ ನ್ಯಾಯಾಲಯ ಆಜ್ಞೆ ಮಾಡಿದೆ. ಪೌರನಾರು, ಪರದೇಶೀಯನಾರು ಎಂದು ನಿರ್ಣಯಿಸಲು ಪೊಲೀಸರಿದ್ದಾರೆ, ನ್ಯಾಯಾಧೀಶರಿದ್ದಾರೆ. ಅವರೇ ಎಡವುತ್ತಾರೆಂಬುದನ್ನು ಮೀರಾ ರೋಡಿನ ಗಾರೆಯವನ ಕಥೆ ತೋರಿಸಿದೆ. ಹಾಗಿರುವಾಗ ಚಹ ಕುಡಿಯುತ್ತ ಬೆರಳಾಡಿಸುವ ನಾವು ಯಾವ ನ್ಯಾಯಾಧೀಶರು?

ಇನ್ನೊಂದು ಎಚ್ಚರಿಕೆಯ ಮಾತು ಗುಮಾಸ್ತ ಮಿತ್ರರಿಗೆ. ಪಂಗಡಗಳ ನಡುವೆ ದ್ವೇಷ ಬಿತ್ತುವುದು, ಭೀತಿ ಹುಟ್ಟಿಸುವ ಸುಳ್ಳು ಸುದ್ದಿ ಹರಡುವುದು ಭಾರತೀಯ ನ್ಯಾಯ ಸಂಹಿತೆಯ ೧೯೬ ಮತ್ತು ೩೫೩ನೆಯ ಕಲಮುಗಳಲ್ಲಿ ಶಿಕ್ಷಾರ್ಹ. "ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ" ಎಂಬ ಸಬೂಬನ್ನು ನೆಚ್ಚಿಕೊಂಡು ಕುಳಿತುಕೊಳ್ಳಬೇಡಿರಿ.

ಮಾಲಕ ಬಂಧುಗಳಲ್ಲಿ ನಮ್ಮದೊಂದು ವ್ಯಾವಹಾರಿಕ ವಿನಂತಿ. ಕೆಲಸಕ್ಕೆ ಸೇರುವ ದಿನವೇ ಹುಡುಗನ ಕಾಗದಪತ್ರ ನೋಡಿರಿ. ಆಧಾರ್ ಕಾರ್ಡೊಂದೇ ಸಾಲದು, ಜನ್ಮದಾಖಲೆ, ಶಾಲೆಯ ಸರ್ಟಿಫಿಕೇಟು, ತಂದೆತಾಯಿಯರ ಮತದಾರರ ಚೀಟಿ, ಏನಿದೆಯೋ ಅದರ ಪ್ರತಿ ತೆಗೆದಿಡಿರಿ. ಪೊಲೀಸ್ ಠಾಣೆಯಲ್ಲಿ ತಪಾಸಣೆಗೆ ನೀವೇ ಅರ್ಜಿ ಕೊಟ್ಟು ರಸೀತಿ ಪಡೆಯಿರಿ. ಸಂಶಯ ಬಂದರೆ ಠಾಣೆಗೆ ಹೋಗಿರಿ, ಹೋಟೆಲಿಗರ ಗುಂಪಿಗೆ ಚಿತ್ರ ಹಾಕಬೇಡಿರಿ. ಮತ್ತು ಒಂದು ಕೆಟ್ಟ ರೂಢಿಯನ್ನು ಇಂದೇ ಬಿಡಿರಿ. ಹುಡುಗನು ಹೇಳದೆ ಕೇಳದೆ ಊರಿಗೆ ಓಡಿಹೋಗದಿರಲೆಂದು ಅವನ ಮೂಲಪತ್ರಗಳನ್ನು ಗಲ್ಲೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದು ನಮ್ಮಲ್ಲಿ ಹಲವರ ಪದ್ಧತಿ. ಆ ಸಿಂಧನೂರಿನ ಯುವಕನ ಕಾಗದಗಳೂ ಪೆಟ್ಟಿಗೆಯಲ್ಲಿಯೇ ಇದ್ದವು, ಪೆಟ್ಟಿಗೆಯ ಕೀಲಿ ಊರಿಗೆ ಹೋಗಿದ್ದ ಮ್ಯಾನೇಜರರ ಬಳಿ ಇತ್ತು. ಪ್ರತಿ ನಿಮ್ಮಲ್ಲಿರಲಿ, ಮೂಲಪತ್ರ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅವನ ಕಿಸೆಯಲ್ಲಿರಲಿ.